ಬಿಸಿಯಾದ ಮೇಲೆ ಸುಸ್ತಾಗುವ ಮಿನಿ ಹಿಟಾಚಿ: ಪಂಪ್ ಬಿಚ್ಚುವ ಮೊದಲು ಏನೇನು ನೋಡಬೇಕು?

ಪ್ರಶ್ನೆ: ನಾನು ಶಿರಸಿ ತಾಲೂಕಿನವನು. ಎರಡು ವರ್ಷದ ಹಿಂದೆ ಮೂರೂವರೆ ಟನ್ನಿನ ಮಿನಿ ಹಿಟಾಚಿಯೊಂದನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಮೀಟರ್‌ನಲ್ಲಿ ಈಗ 3,200 ಗಂಟೆ ಇದೆ. ಅಡಿಕೆ ತೋಟದ ಬಸಿಗಾಲುವೆ, ಮನೆ ಪಾಯ, ಪೈಪ್‌ಲೈನ್ ಕೆಲಸಕ್ಕೆ ಓಡಿಸುತ್ತೇನೆ. ಬೆಳಿಗ್ಗೆ ಒಂದೂವರೆ ಗಂಟೆ ಚೆನ್ನಾಗಿ ಕೆಲಸ ಮಾಡುತ್ತದೆ. ಆಮೇಲೆ ಬೂಮ್ ಏಳುವುದು ನಿಧಾನ, ಬಕೆಟ್‌ಗೆ ಬಲ ಸಾಲದು. ಮುಂದೆ ಓಡಿಸಿದರೆ ಎಡಕ್ಕೆ ಎಳೆಯುತ್ತದೆ. ಬೂಮ್ ಎತ್ತಿ ಎಂಜಿನ್ ಆಫ್ ಮಾಡಿ ಊಟಕ್ಕೆ ಹೋದರೆ, ವಾಪಸ್ ಬರುವಷ್ಟರಲ್ಲಿ ಬಕೆಟ್ ನೆಲ ಮುಟ್ಟಿರುತ್ತದೆ. ಒಬ್ಬ ಮೆಕ್ಯಾನಿಕ್ ಪಂಪ್ ಹೋಗಿದೆ ಅಂದರು. ಇನ್ನೊಬ್ಬರು ಲಿವರ್ ಎಳೆದಂತೆ ಆಯಿಲ್ ಹಂಚುವ ಕಂಟ್ರೋಲ್ ವಾಲ್ವ್ ಅಂದರು. ರಿಲೀಫ್ ವಾಲ್ವ್ ಸ್ಕ್ರೂ ಅರ್ಧ ಸುತ್ತು ಬಿಗಿ ಮಾಡಿ ನೋಡಿದರು, ಪ್ರಯೋಜನ ಆಗಲಿಲ್ಲ. ಈ ವರ್ಷ ಆಯಿಲ್ ಕಡಿಮೆಯಾಗಿದೆ ಅಂತ ಟ್ರ್ಯಾಕ್ಟರ್ ಆಯಿಲ್ ನಾಲ್ಕೈದು ಲೀಟರ್ ಹಾಕಿದ್ದೇನೆ. ಮಷಿನ್ ಸಾಲ ಇನ್ನೂ ತೀರಿಲ್ಲ. ಪಂಪ್ ಬದಲಿಸಲೇ ಸರ್?

ಉತ್ತರ: ಬೇಡ. ಈಗಲೇ ಬದಲಿಸಬೇಡಿ. ಸಾಲ ಬಾಕಿ ಇದೆ ಅಂತ ಬರೆದಿದ್ದೀರಿ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ, ಪುರುಸೊತ್ತು ಮಾಡಿಕೊಂಡು ಓದಿ.

ನೀವು ಮೂರು ತೊಂದರೆ ಹೇಳಿದ್ದೀರಿ. ಇಬ್ಬರು ಮೆಕ್ಯಾನಿಕ್‌ಗಳೂ ಮೂರಕ್ಕೂ ಒಂದೇ ಕಾರಣ ಹುಡುಕಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಬೂಮ್ ಇಳಿಯುವುದನ್ನೇ ತೆಗೆದುಕೊಳ್ಳಿ. ಎಂಜಿನ್ ಆಫ್ ಆಗಿದೆ, ಪಂಪ್ ತಿರುಗುತ್ತಲೇ ಇಲ್ಲ. ಹಾಗಿದ್ದ ಮೇಲೆ ಆ ಇಳಿತಕ್ಕೂ ಪಂಪಿಗೂ ಏನು ಸಂಬಂಧ? ಹೊಸ ಪಂಪ್ ಹಾಕಿಸಿದರೂ ಮಾರನೇ ದಿನ ನೀವು ಊಟ ಮುಗಿಸಿ ಬರುವಾಗ ಬಕೆಟ್ ನೆಲದಲ್ಲೇ ಇರುತ್ತದೆ. ಅಂದಹಾಗೆ, ಇವತ್ತಿನಿಂದ ಬೂಮ್ ಎತ್ತಿ ನಿಲ್ಲಿಸುವುದು ಬಿಡಿ. ಊಟಕ್ಕಿರಲಿ, ಬೀಡಿ ಸೇದೋಕಿರಲಿ, ಬಕೆಟ್ ನೆಲಕ್ಕೆ ಇಟ್ಟೇ ಇಳಿಯಿರಿ. ತೋಟದಲ್ಲಿ ಮಕ್ಕಳು, ಕೆಲಸದವರು ಓಡಾಡುತ್ತಿರುತ್ತಾರೆ.

ಎರಡನೇ ಮಾತು, ಆ ರಿಲೀಫ್ ಸ್ಕ್ರೂ. ಪ್ರೆಶರ್ ಮಿತಿ ಮೀರದಂತೆ ಆಯಿಲನ್ನು ಟ್ಯಾಂಕಿಗೆ ವಾಪಸ್ ಬಿಡುವ ವಾಲ್ವಿನ ಸ್ಕ್ರೂ ಅದು. ಅದನ್ನು ಮೊದಲಿದ್ದ ಜಾಗಕ್ಕೆ ತರಿಸಿ. ಕೆಲವು ವಾಲ್ವ್‌ಗಳಲ್ಲಿ ಒಂದು ಸುತ್ತಿಗೆ 100 ಬಾರ್‌ಗಿಂತ ಜಾಸ್ತಿ ಪ್ರೆಶರ್ ಏರುತ್ತದೆ. ಗೇಜ್ ಹಾಕದೆ ಅರ್ಧ ಸುತ್ತು ತಿರುಗಿಸುವುದು ಅಂದರೆ ಕಣ್ಣು ಕಟ್ಟಿಕೊಂಡು ಮರ ಹತ್ತಿದ ಹಾಗೆ. ಬೆಳಿಗ್ಗೆ ಆಯಿಲ್ ತಣ್ಣಗಿದ್ದಾಗ ಆ ಜಾಸ್ತಿ ಪ್ರೆಶರ್ ಹಳೇ ಹೋಸ್‌ಗಳ ಮೇಲೆ, ಸೀಲ್‌ಗಳ ಮೇಲೆ ಬೀಳುತ್ತದೆ. ಹೋಸ್ ಒಡೆದರೆ ಬೂಮ್ ಒಮ್ಮೆಗೇ ಬೀಳುತ್ತದೆ.

ಈಗ ಮೂಲ ವಿಷಯಕ್ಕೆ ಬರೋಣ. ಪಂಪ್ ಪ್ರೆಶರ್ ಹುಟ್ಟಿಸುವುದಿಲ್ಲ, ಆಯಿಲ್ ತಳ್ಳುತ್ತದೆ ಅಷ್ಟೇ. ಆ ಆಯಿಲ್‌ಗೆ ಎದುರು ಭಾರ ಬಂದಾಗ ಪ್ರೆಶರ್ ಏಳುತ್ತದೆ. ಹಾಗಾಗಿ ‘ನಿಧಾನ’ ಬೇರೆ, ‘ಬಲ ಇಲ್ಲ’ ಬೇರೆ. ಖಾಲಿ ಬಕೆಟ್ ಇದ್ದಾಗಲೂ ಬೂಮ್ ನಿಧಾನ ಏಳುತ್ತಿದ್ದರೆ ಆಯಿಲ್ ಸಾಕಷ್ಟು ಬರುತ್ತಿಲ್ಲ. ಖಾಲಿ ಇದ್ದಾಗ ಚುರುಕಾಗಿ ಎದ್ದು, ಮಣ್ಣು ತುಂಬಿದಾಗ ಮಾತ್ರ ನಿಂತುಬಿಟ್ಟರೆ ಪ್ರೆಶರ್ ಎಲ್ಲೋ ಸೋರಿ ಹೋಗುತ್ತಿದೆ. ಮೊಬೈಲ್‌ನ ಸ್ಟಾಪ್‌ವಾಚ್ ಹಿಡಿದು ಬೆಳಿಗ್ಗೆ ಒಮ್ಮೆ, ಸುಸ್ತಾದ ಮೇಲೆ ಒಮ್ಮೆ ನೋಡಿ. ಎಂಜಿನ್ ಫುಲ್ ರೇಸ್‌ನಲ್ಲಿರಲಿ. ಖಾಲಿ ಬಕೆಟ್ ನೆಲದಿಂದ ಪೂರ್ತಿ ಮೇಲೆ ಹೋಗಲು ಎಷ್ಟು ಸೆಕೆಂಡ್? ನಿಮ್ಮ ಸೈಜಿನ ಮಷಿನ್‌ಗಳಲ್ಲಿ ಅದು ಸಾಮಾನ್ಯವಾಗಿ ಮೂರು ಸೆಕೆಂಡಿನ ಆಸುಪಾಸು. ಎರಡೂ ಲೆಕ್ಕ ಬರೆದಿಟ್ಟುಕೊಳ್ಳಿ. ಹಾಗೇ ಎಂಜಿನ್ ಸದ್ದಿನ ಮೇಲೂ ಕಿವಿ ಇರಲಿ. ಲೋಡ್ ಬಿದ್ದಾಗ ಎಂಜಿನ್ ಒದ್ದಾಡಿ ರೇಸ್ ಕುಸಿದರೆ, ತೊಂದರೆ ಹೈಡ್ರಾಲಿಕ್‌ನಲ್ಲಿ ಅಲ್ಲ, ಡೀಸೆಲ್ ಫಿಲ್ಟರ್‌ನಲ್ಲೋ ಏರ್ ಕ್ಲೀನರ್‌ನಲ್ಲೋ ಇರಬಹುದು. ಬೂಮ್ ನಿಂತಿದ್ದರೂ ಎಂಜಿನ್ ಏನೂ ಆಗದ ಹಾಗೆ ತಿರುಗುತ್ತಿದ್ದರೆ ಮಾತ್ರ ಮುಂದಿನದ್ದು ಓದಿ.

ಬೆಳಿಗ್ಗೆ ಚೆನ್ನಾಗಿದ್ದು ಬಿಸಿಯಾದ ಮೇಲೆ ಸುಸ್ತಾಗುತ್ತದೆ ಅಂದ ಕೂಡಲೇ ಎಲ್ಲರೂ ಪಂಪ್ ಕಡೆ ಬೆರಳು ತೋರಿಸುತ್ತಾರೆ. ಅದಕ್ಕೊಂದು ಕಾರಣ ಇದೆ. ನಿಮ್ಮ ಕಡೆಯ ಜೋನಿ ಬೆಲ್ಲ ಬಿಸಿ ಮಾಡಿದರೆ ಹೇಗೆ ತೆಳ್ಳಗಾಗುತ್ತದೋ, ಹೈಡ್ರಾಲಿಕ್ ಆಯಿಲ್ ಕೂಡ ಹಾಗೇ. 46 ನಂಬರ್ ಆಯಿಲ್ ಅಂದರೆ 40 ಡಿಗ್ರಿಯಲ್ಲಿ ಅದರ ದಪ್ಪ 46. ಅದೇ ಆಯಿಲ್ 80 ಡಿಗ್ರಿಗೆ ಹೋದರೆ ಸುಮಾರು 12ಕ್ಕೆ ಇಳಿಯುತ್ತದೆ, 100 ಡಿಗ್ರಿಗೆ 7ರ ಹತ್ತಿರ. ಸವೆದ ಸಂದುಗಳಲ್ಲಿ ದಪ್ಪ ಆಯಿಲ್ ನಿಲ್ಲುತ್ತದೆ, ತೆಳು ಆಯಿಲ್ ನುಸುಳುತ್ತದೆ. ಇದು ನಿಜ. ಆದರೆ ಸವೆದ ಸಂದು ಪಂಪ್ ಒಳಗೇ ಇರಬೇಕೆಂದೇನೂ ಇಲ್ಲ. ಬಿಸಿಯಂತೆ ಕಾಣುವ ತೊಂದರೆ ನಿಜವಾಗಿ ಬಿಸಿಯದ್ದೇ ಆಗಿರಬೇಕೆಂದೂ ಇಲ್ಲ.

ಇದನ್ನು ನಾನು ಕಲಿತದ್ದು ಬೇರೆಯವರ ದುಡ್ಡಿನಲ್ಲಿ. ನಾನಿನ್ನೂ ಹೆಲ್ಪರ್ ಆಗಿದ್ದಾಗ ತೀರ್ಥಹಳ್ಳಿ ಕಡೆಯ ಒಂದು ಮಷಿನ್ ನಮ್ಮ ಶೆಡ್ಡಿಗೆ ಬಂತು. ಇದೇ ಕಂಪ್ಲೇಂಟ್. ಬೆಳಿಗ್ಗೆ ಸರಿ, ಒಂದು ಗಂಟೆ ಆದ ಮೇಲೆ ಎಲ್ಲಾ ನಿಧಾನ, ಪಂಪಿನಿಂದ ಕೊರಗುವ ಸದ್ದು. ಪಂಪ್ ಬದಲಿಸಿದೆವು. ಮಾಲೀಕರು ಬಂಗಾರ ಅಡ ಇಟ್ಟು ದುಡ್ಡು ತಂದಿದ್ದರು. ಮೂರು ದಿನಕ್ಕೆ ಮಷಿನ್ ವಾಪಸ್ ಬಂತು, ಅದೇ ಕಂಪ್ಲೇಂಟ್. ಆಗ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಕೈ ಹಾಕಿದೆವು. ಅಂಗೈ ಅಗಲದ ಬನಿಯನ್ ಬಟ್ಟೆಯ ತುಂಡು ಸಿಕ್ಕಿತು. ಯಾರೋ ಟ್ಯಾಂಕ್ ಒರೆಸುವಾಗ ಒಳಗೇ ಬಿಟ್ಟಿದ್ದರು. ಎಂಜಿನ್ ನಿಂತಾಗ ಅದು ತಳಕ್ಕೆ ಹೋಗಿ ಮಲಗುತ್ತಿತ್ತು. ಕೆಲಸ ಶುರುವಾದ ಮೇಲೆ ತೇಲುತ್ತಾ ಬಂದು, ಪಂಪ್ ಆಯಿಲ್ ಎಳೆದುಕೊಳ್ಳುವ ಬಾಯಿಯ ಸಕ್ಷನ್ ಜಾಲರಿಗೆ ಅಂಟಿಕೊಳ್ಳುತ್ತಿತ್ತು. ಪಂಪಿಗೆ ಉಸಿರೇ ಕಟ್ಟುತ್ತಿತ್ತು. ಆ ಮಾಲೀಕರ ಮುಖ ನನಗೆ ಇವತ್ತೂ ನೆನಪಿದೆ. ಆವತ್ತಿನಿಂದ ಟ್ಯಾಂಕ್ ನೋಡದೆ ನಾನು ಪಂಪ್ ಮಾತು ಎತ್ತುವುದಿಲ್ಲ.

ಅದಕ್ಕೇ ನಿಮಗೆ ನನ್ನ ಮೊದಲ ಪರೀಕ್ಷೆ ಇದು. ಮಷಿನ್ ಸುಸ್ತಾದ ಕೂಡಲೇ ಬಕೆಟ್ ನೆಲಕ್ಕಿಟ್ಟು ಎಂಜಿನ್ ಆಫ್ ಮಾಡಿ. ಹತ್ತೇ ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ಹತ್ತು ನಿಮಿಷದಲ್ಲಿ ಆಯಿಲ್ ಅಷ್ಟೇನೂ ತಣ್ಣಗಾಗುವುದಿಲ್ಲ. ಆದರೂ ಮಷಿನ್ ಮತ್ತೆ ಬೆಳಗಿನ ಹಾಗೆ ಚುರುಕಾದರೆ ಇದು ಸವೆತ ಅಲ್ಲ. ಸಕ್ಷನ್ ಕಡೆ ಏನೋ ಅಡ್ಡ ಬರುತ್ತಿದೆ. ಟ್ಯಾಂಕ್ ಖಾಲಿ ಮಾಡಿಸಿ ಜಾಲರಿ ತೆಗೆಸಿ ನೋಡಿ. ಟ್ಯಾಂಕ್‌ನಿಂದ ಪಂಪಿಗೆ ಬರುವ ದಪ್ಪ ಹೋಸ್ ಕೂಡ ಬಿಚ್ಚಿ ಒಳಗೆ ಟಾರ್ಚ್ ಬಿಡಿ. ಹಳೇ ಹೋಸ್‌ನ ಒಳ ಪದರ ಬಿಟ್ಟುಕೊಂಡು, ಬಿಸಿಗೆ ಮೆತ್ತಗಾಗಿ ಒಳಗೇ ಮಡಿಚಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಹೋಸ್ ಹೊಸದರ ಹಾಗೇ ಇರುತ್ತದೆ. ಟ್ಯಾಂಕ್ ಮುಚ್ಚಳದಲ್ಲಿ ಗಾಳಿಯಾಡಲು ಇರುವ ಬ್ರೀದರ್ ಮಣ್ಣು ಕಟ್ಟಿದ್ದರೂ ಹೀಗೇ ಆಗುತ್ತದೆ. ಸುಸ್ತಾದಾಗ ಮುಚ್ಚಳ ನಿಧಾನ ಸಡಿಲಿಸಿ. ಗಾಳಿ ‘ಸುಯ್’ ಅಂತ ಒಳಗೆ ಎಳೆದುಕೊಂಡರೆ ಅಲ್ಲೇ ಸಿಕ್ಕಿತು ಅಂದುಕೊಳ್ಳಿ. ಸಕ್ಷನ್ ಹೋಸ್‌ನ ಕ್ಲಿಪ್ ಸಡಿಲ ಇದ್ದು ಗಾಳಿ ಎಳೆಯುತ್ತಿದ್ದರೆ ಆಯಿಲ್ ನೊರೆ ಬರುತ್ತದೆ. ಡಬ್ಬದಲ್ಲಿ ಜಲ್ಲಿ ಅಲುಗಾಡಿಸಿದ ಹಾಗೆ ಪಂಪ್ ಸದ್ದು ಮಾಡುತ್ತದೆ.

ಹತ್ತು ನಿಮಿಷ ಬಿಟ್ಟರೂ ಸುಸ್ತು ಹಾಗೇ ಇದ್ದರೆ ಆಗ ಬಿಸಿಯ ಕಡೆ ಹೋಗೋಣ. ದೂರದಿಂದ ಬಿಸಿ ನೋಡುವ ಟೆಂಪರೇಚರ್ ಗನ್ ಒಂದು ತೆಗೆದುಕೊಳ್ಳಿ, ದುಬಾರಿ ಏನಲ್ಲ. ಟ್ಯಾಂಕ್ ಗೋಡೆಗೆ ಹಿಡಿಯಿರಿ. 50ರಿಂದ 75 ಡಿಗ್ರಿ ಇದ್ದರೆ ಮಷಿನ್ ಆರಾಮಾಗಿದೆ. 82 ದಾಟಿದರೆ ಸೀಲ್‌ಗಳು ಗಟ್ಟಿಯಾಗುತ್ತಾ ಬರುತ್ತವೆ, ಆಯಿಲ್ ಬೇಗ ಕೆಡುತ್ತದೆ. 90 ಕಂಡರೆ ಕೆಲಸ ನಿಲ್ಲಿಸಿ. ತೋಟದ ಕೆಲಸ ಮಾಡುವ ಮಷಿನ್‌ಗಳಲ್ಲಿ ನಾನು ಕಂಡ ಹಾಗೆ ಬಿಸಿಗೆ ಮೊದಲ ಕಾರಣ ಕೂಲರ್. ಅಡಿಕೆ ಸಿಪ್ಪೆಯ ನಾರು, ತರಗೆಲೆ ಪುಡಿ, ಧೂಳು ಎಲ್ಲಾ ಸೇರಿ ಆಯಿಲ್ ಕೂಲರ್‌ನ ಜಾಲರಿಗೆ ಕಂಬಳಿ ಹೊದೆಸಿದ ಹಾಗೆ ಕೂತಿರುತ್ತದೆ. ಅದೂ ರೇಡಿಯೇಟರ್ ಮತ್ತು ಕೂಲರ್ ನಡುವಿನ ಸಂದಿಯಲ್ಲಿ. ಹೊರಗಿನಿಂದ ನೋಡಿದರೆ ಕ್ಲೀನ್ ಇರುತ್ತದೆ. ಗಾಳಿ ಯಾವ ದಿಕ್ಕಿಗೆ ಹೋಗುತ್ತದೋ ಅದರ ಎದುರು ದಿಕ್ಕಿನಿಂದ ತೊಳೆಯಿರಿ. ವಾಟರ್ ಸರ್ವಿಸ್‌ನವರ ಜೋರು ಜೆಟ್ ಹತ್ತಿರ ಹಿಡಿಯಬೇಡಿ, ತೆಳು ರೆಕ್ಕೆಗಳು ಮಡಿಚಿ ಗಾಳಿಯೇ ಹೋಗದಂತೆ ಆಗುತ್ತದೆ. ಫ್ಯಾನ್ ಬೆಲ್ಟ್ ಸಡಿಲ ಇದೆಯಾ ಅಂತಲೂ ಒತ್ತಿ ನೋಡಿ.

ಆಮೇಲೆ ಆ ಟ್ರ್ಯಾಕ್ಟರ್ ಆಯಿಲ್. ತಪ್ಪು ತಿಳಿಯಬೇಡಿ, ಹಳ್ಳಿಯಲ್ಲಿ ಕೈಗೆ ಸಿಕ್ಕಿದ್ದು ಹಾಕುವುದು ಸಹಜ. ಆದರೆ ಅದರಲ್ಲಿ ಬೇರೆ ಔಷಧಿಗಳಿರುತ್ತವೆ. ಹೈಡ್ರಾಲಿಕ್ ಆಯಿಲ್‌ನಲ್ಲಿ ನೀರು ಸೇರಿದರೆ ಅದು ಬೇರೆಯಾಗಿ ತಳಕ್ಕೆ ಇಳಿಯಬೇಕು. ಟ್ರ್ಯಾಕ್ಟರ್ ಆಯಿಲ್, ಎಂಜಿನ್ ಆಯಿಲ್ ಬೆರೆತಾಗ ನೀರು ಆಯಿಲ್ ಒಳಗೇ ಕಲೆತು ಕೂರುತ್ತದೆ. ನಿಮ್ಮ ಕಡೆಯ ಮಳೆಗಾಲಕ್ಕೆ ಅದು ಒಳ್ಳೆಯದಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಟ್ಯಾಂಕ್ ತಳದಿಂದ ಗಾಜಿನ ಬಾಟಲಿಗೆ ಸ್ವಲ್ಪ ಆಯಿಲ್ ಹಿಡಿಯಿರಿ. ಹಾಲಿನ ಹಾಗೆ ಮಬ್ಬಾಗಿದೆಯಾ? ಅರ್ಧ ಗಂಟೆ ಬಿಡಿ. ತಿಳಿಯಾದರೆ ಅದು ಗಾಳಿ. ಮಬ್ಬು ಹಾಗೇ ಉಳಿದರೆ ನೀರು. ಅನುಮಾನ ಇದ್ದರೆ ಕಾದ ಕಾವಲಿ ಮೇಲೆ ಒಂದೇ ಹನಿ ಬಿಡಿ. ಚಟಪಟ ಅಂದರೆ ನೀರು ಇರುವುದು ಖಾತ್ರಿ. ಕಣ್ಣಿಗೆ ಹಾರದಂತೆ ದೂರ ನಿಲ್ಲಿ. ನೀರು ಇರಲಿ, ಇಲ್ಲದಿರಲಿ, ಸೆಕೆಂಡ್ ಹ್ಯಾಂಡ್ ಮಷಿನ್, ಹಿಂದಿನ ಲೆಕ್ಕ ಇಲ್ಲ, ಬೇರೆ ಆಯಿಲ್ ಬೇರೆ ಸೇರಿದೆ. ಟ್ಯಾಂಕ್ ತೊಳೆದು, ನಿಮ್ಮ ಮಷಿನ್ ಪುಸ್ತಕ ಹೇಳಿದ ಗ್ರೇಡಿನ ಹೊಸ ಆಯಿಲ್, ಹೊಸ ರಿಟರ್ನ್ ಫಿಲ್ಟರ್ ಹಾಕಿಸಿ. ಈ ಖರ್ಚು ಯಾವತ್ತೂ ದಂಡ ಅಲ್ಲ. ಲೆವೆಲ್ ನೋಡುವಾಗ ಬೂಮ್, ಅದರ ತುದಿಯ ಆರ್ಮ್ ಯಾವ ಭಂಗಿಯಲ್ಲಿರಬೇಕು ಅಂತ ಪುಸ್ತಕದಲ್ಲಿ ಚಿತ್ರ ಇರುತ್ತದೆ. ಸಿಲಿಂಡರ್ ಚಾಚಿದ್ದಾಗ ಒಂದು ಲೆವೆಲ್, ಮಡಿಚಿದಾಗ ಇನ್ನೊಂದು ಲೆವೆಲ್ ತೋರಿಸುತ್ತದೆ.

ಹಳೇ ಫಿಲ್ಟರ್ ಬಿಸಾಡಬೇಡಿ. ನನಗೆ ಮಷಿನ್ನಿನ ಜಾತಕ ಇದ್ದ ಹಾಗೆ ಅದು. ಒಳಗಿನ ಕಾಗದವನ್ನು ಬ್ಲೇಡಿನಿಂದ ಕೊಯ್ಯಿರಿ. ಗರಗಸ ಬೇಡ, ಅದರ ಪುಡಿಯೇ ಸೇರಿ ದಾರಿ ತಪ್ಪಿಸುತ್ತದೆ. ಮಡಿಕೆಗಳನ್ನು ಬಿಳೀ ಬಟ್ಟೆ ಮೇಲೆ ಹಿಂಡಿ, ಬಿಸಿಲಿಗೆ ಹಿಡಿದು ನೋಡಿ. ಕಪ್ಪು ರಬ್ಬರ್ ಚೂರು ಕಂಡರೆ ಸೀಲ್ ಅಥವಾ ಹೋಸ್‌ನದ್ದು. ಮ್ಯಾಗ್ನೆಟ್‌ಗೆ ಅಂಟಿದರೆ ಉಕ್ಕು. ಮ್ಯಾಗ್ನೆಟ್‌ಗೆ ಅಂಟದ, ಬಂಗಾರದ ಪುಡಿಯ ಹಾಗೆ ಮಿನುಗುವ ಹಳದಿ ಚೂರು ಕಂಡರೆ ಅದು ಕಂಚು. ಪಂಪಿನ ಅಥವಾ ಚೈನ್ ತಿರುಗಿಸುವ ಟ್ರಾವೆಲ್ ಮೋಟಾರಿನ ಒಳಭಾಗ ತಿಂದುಹೋಗುತ್ತಿದೆ ಅಂತ ಅರ್ಥ. ಎಲ್ಲಾ ಹಳೇ ಫಿಲ್ಟರ್‌ನಲ್ಲೂ ನುಣ್ಣನೆ ಬೂದು ಬಣ್ಣದ ಪುಡಿ ಸ್ವಲ್ಪ ಇರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಕಣ್ಣಿಗೆ ಕಾಣುವಂಥ ಚಕ್ಕೆಗಳಿದ್ದರೆ ಮಾತ್ರ ಯೋಚನೆ ಮಾಡಬೇಕು.

ಇಷ್ಟು ಮಾಡಿದ ಮೇಲೂ ಬಿಸಿಗೆ ಸುಸ್ತು ಉಳಿದರೆ ಗೇಜ್ ಹಾಕಲೇಬೇಕು. ಗೇಜ್ ಇಲ್ಲದೆ ಪಂಪ್ ಹೋಗಿದೆ ಅನ್ನುವವರ ಮಾತಿಗೆ ದುಡ್ಡು ಕೊಡಬೇಡಿ. ನಿಮ್ಮ ಸೈಜಿನ ಬಹಳಷ್ಟು ಮಷಿನ್‌ಗಳಲ್ಲಿ ಒಂದೇ ಕಡೆ ಸಾಲಾಗಿ ಪಂಪ್‌ಗಳು ಕೂತಿರುತ್ತವೆ. ಪಿ1, ಪಿ2 ಅನ್ನುವ ಎರಡು ದೊಡ್ಡ ಲೈನ್, ಪಿ3 ಅನ್ನುವ ಗೇರ್ ಪಂಪ್, ಮತ್ತೆ ಲಿವರ್‌ಗಳಿಗೆ ಬೇಕಾದ ಸಣ್ಣ ಪೈಲಟ್ ಪಂಪ್. ಪಿ1, ಪಿ2ರಲ್ಲಿ ಸುಮಾರು 210ರಿಂದ 245 ಬಾರ್ ಇರುತ್ತದೆ, ಮೆಕ್ಯಾನಿಕ್‌ಗಳು ಅದನ್ನೇ ಇಷ್ಟು ಕೆಜಿ ಅನ್ನುತ್ತಾರೆ. ಪಿ3 ಸ್ವಲ್ಪ ಕಡಿಮೆ. ಪೈಲಟ್ 30ರಿಂದ 40. ನಿಮ್ಮ ಮಷಿನ್ನಿನ ಸರಿಯಾದ ಲೆಕ್ಕ ಪುಸ್ತಕದಲ್ಲಿರುತ್ತದೆ. ಬೂಮ್, ಬಕೆಟ್, ಆರ್ಮ್, ಎಡ ಚೈನ್, ಬಲ ಚೈನ್ ಇವೆಲ್ಲಾ ಪಿ1, ಪಿ2ರಲ್ಲಿ ಹಂಚಿಹೋಗಿರುತ್ತವೆ. ಸ್ವಿಂಗ್ (ಮೇಲ್ಭಾಗ ತಿರುಗುವುದು) ಮತ್ತು ಬ್ಲೇಡ್ (ಮಣ್ಣು ತಳ್ಳುವ ಹಲಗೆ) ಸಾಮಾನ್ಯವಾಗಿ ಪಿ3. ಯಾವುದು ಯಾವುದಕ್ಕೆ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಸರ್ಕ್ಯೂಟ್ ಚಿತ್ರ ನೋಡಿ ಒಂದು ಕಾಗದದಲ್ಲಿ ಬರೆದುಕೊಳ್ಳಿ.

ಆ ಕಾಗದ ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಬಿಸಿಯಾದಾಗ ಬೂಮ್, ಬಕೆಟ್, ಎಡ ಚೈನ್ ಮೂರೂ ನಿಧಾನ, ಮೂರೂ ಒಂದೇ ಲೈನಿನವು, ಆರ್ಮ್ ಮಾತ್ರ ಚುರುಕು ಅಂದರೆ ಆ ಲೈನಿನಲ್ಲೇ ತೊಂದರೆ. ಬೂಮ್ ಪಿ1, ಎಡ ಚೈನ್ ಪಿ2 ಆಗಿದ್ದರೆ ಇವೆರಡೂ ಬೇರೆ ಬೇರೆ ತೊಂದರೆ, ಅಥವಾ ಎರಡಕ್ಕೂ ಸಮಾನವಾದ ಸಕ್ಷನ್, ಬಿಸಿ, ಆಯಿಲ್‌ನಂಥದ್ದು. ಬ್ಲೇಡ್ ಕಡೆಯೂ ಗಮನ ಕೊಡಿ. ಬಹಳಷ್ಟು ಮಷಿನ್‌ಗಳಲ್ಲಿ ಬ್ಲೇಡಿನ ಲಿವರ್ ನೇರವಾಗಿ ವಾಲ್ವನ್ನು ಎಳೆಯುತ್ತದೆ, ಅದಕ್ಕೆ ಪೈಲಟ್ ಪ್ರೆಶರ್ ಬೇಡ. ಬ್ಲೇಡ್ ಜೋರಾಗಿ ಏಳುತ್ತದೆ, ಉಳಿದದ್ದೆಲ್ಲಾ ಸತ್ತ ಹಾಗೆ ಅಂದರೆ ಪೈಲಟ್ ಫಿಲ್ಟರ್, ಲಾಕ್ ಲಿವರ್‌ನ ಸ್ವಿಚ್, ಕರೆಂಟಿನಿಂದ ತೆರೆಯುವ ಸೊಲೆನಾಯ್ಡ್ ವಾಲ್ವ್ ನೋಡಬೇಕು.

ಗೇಜ್ 400 ಬಾರ್‌ನದ್ದು ಬೇಕು, ಗ್ಲಿಸರಿನ್ ತುಂಬಿದ್ದಾದರೆ ಒಳ್ಳೆಯದು. ಬಕೆಟ್ ನೆಲಕ್ಕಿಟ್ಟು, ಎಂಜಿನ್ ಆಫ್ ಮಾಡಿ, ಕೀ ಆನ್‌ನಲ್ಲಿಟ್ಟು ಎಲ್ಲಾ ಲಿವರ್ ನಾಲ್ಕೂ ಕಡೆ ಆಡಿಸಿ ಪ್ರೆಶರ್ ಬಿಟ್ಟ ಮೇಲೆಯೇ ಟೆಸ್ಟ್ ಪಾಯಿಂಟ್ ಬಿಚ್ಚಬೇಕು. ತಣ್ಣಗಿದ್ದಾಗ ಒಮ್ಮೆ, ಸುಸ್ತಾದಾಗ ಒಮ್ಮೆ ಅಳೆಯಿರಿ. ಬೆಳಿಗ್ಗೆ 230, ಮಧ್ಯಾಹ್ನ 160 ಬಂತು ಅಂತಿಟ್ಟುಕೊಳ್ಳಿ. ಪಿ1ರಲ್ಲಿ ಮಾತ್ರ ಬಂತಾ, ಎರಡರಲ್ಲೂ ಬಂತಾ? ಇದು ಬಹಳ ಮುಖ್ಯ. ಮಿನಿಗಳಲ್ಲಿ ಬಹುಪಾಲು ಪಿ1, ಪಿ2 ಎರಡೂ ಪಂಪಿನೊಳಗೆ ಪಿಸ್ಟನ್‌ಗಳು ಕೂತ ಒಂದೇ ಬ್ಯಾರಲ್‌ನಿಂದ ಬರುತ್ತವೆ. ಬ್ಯಾರಲ್ ಸವೆದರೆ ಸಾಮಾನ್ಯವಾಗಿ ಎರಡೂ ಬಿದ್ದುಹೋಗುತ್ತವೆ. ಒಂದೇ ಬಿದ್ದಿದೆ ಅಂದರೆ ಪಂಪಿಗಿಂತ ಮೊದಲು ಆ ಲೈನಿನ ರಿಲೀಫ್ ವಾಲ್ವ್ ಮೇಲೆ ಅನುಮಾನ ಪಡಬೇಕು. ಎರಡೂ ರಿಲೀಫ್ ಒಂದೇ ಪಾರ್ಟ್ ನಂಬರ್ ಇದ್ದರೆ ಅದನ್ನು ಇದಕ್ಕೆ, ಇದನ್ನು ಅದಕ್ಕೆ ಬದಲಾಯಿಸಿ ಹಾಕಿ. ತೊಂದರೆ ಪಿ2ಕ್ಕೆ ಹೋಯಿತಾ? ಹಾಗಾದರೆ ವಾಲ್ವ್‌ನದ್ದೇ. ಎಷ್ಟೋ ಸಲ ಸೀಟಿನ ಮೇಲೆ ಸಾಸಿವೆಗಿಂತ ಸಣ್ಣ ಕಸ ಕೂತಿರುತ್ತದೆ, ತೊಳೆದು ಹಾಕಿದರೆ ಸಾಕು. ಹೀಗೆ ಜಾಗ ಬದಲಿಸಿ ನೋಡುವುದಕ್ಕೆ ಒಂದು ಪಾನಾ, ಒಂದು ಗಂಟೆ ಸಾಕು. ಹೊಸ ಸಾಮಾನು ತರಬೇಕಿಲ್ಲ.

ಒಂದು ಎಚ್ಚರಿಕೆ. ಪಂಪ್ ಪರೀಕ್ಷೆ ಮಾಡುತ್ತೇನೆ ಅಂತ ಪಂಪಿನ ಔಟ್‌ಲೆಟ್‌ಗೆ ನೇರವಾಗಿ ಪ್ಲಗ್ ಹೊಡೆದು ಸ್ಟಾರ್ಟ್ ಮಾಡುವವರನ್ನು ನೋಡಿದ್ದೇನೆ. ಮೇನ್ ರಿಲೀಫ್ ಇರುವುದು ಕಂಟ್ರೋಲ್ ವಾಲ್ವ್‌ನಲ್ಲಿ. ಅದಕ್ಕೂ ಮೊದಲೇ ದಾರಿ ಕಟ್ಟಿದರೆ ಪ್ರೆಶರ್‌ಗೆ ಮಿತಿಯೇ ಇಲ್ಲ. ಒಳ್ಳೇ ಪಂಪ್ ಕೂಡ ಒಂದು ಕ್ಷಣದಲ್ಲಿ ಒಡೆಯುತ್ತದೆ, ಹತ್ತಿರ ನಿಂತವರಿಗೂ ಅಪಾಯ. ಹಾಗೇ ಹೋಸ್ ಸೋರಿಕೆ ಹುಡುಕುವಾಗ ಕೈ ಸವರಬೇಡಿ. ಸೂಜಿ ತುದಿಯಷ್ಟು ತೂತಿನಿಂದ 200 ಬಾರ್‌ನಲ್ಲಿ ಬರುವ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಇರುವೆ ಕಚ್ಚಿದಷ್ಟೇ ಗುರುತು, ನೋವೂ ಮೊದಲು ಜಾಸ್ತಿ ಇರುವುದಿಲ್ಲ. ಒಳಗೆ ಮಾತ್ರ ಬೆರಳೇ ಕಳೆದುಕೊಳ್ಳುವಂಥ ಗಾಯ. ರಟ್ಟಿನ ತುಂಡು ಹಿಡಿದು ಹುಡುಕಿ. ಹಾಗೇನಾದರೂ ಆದರೆ ಸಂಜೆವರೆಗೆ ಕಾಯದೆ ಆಪರೇಷನ್ ಸೌಲಭ್ಯ ಇರುವ ಆಸ್ಪತ್ರೆಗೆ ಹೋಗಿ, ಪ್ರೆಶರ್‌ನಲ್ಲಿ ಹೈಡ್ರಾಲಿಕ್ ಆಯಿಲ್ ಒಳಗೆ ಹೊಕ್ಕಿದೆ ಅಂತ ಬಾಯಿಬಿಟ್ಟು ಹೇಳಿ.

ಈಗ ಎಡಕ್ಕೆ ಎಳೆಯುವ ವಿಷಯ. ಇಲ್ಲಿ ನಿಮ್ಮ ಪತ್ರದ ಒಂದು ಮಾತು ನನ್ನನ್ನು ಕಾಡುತ್ತಿದೆ. ವರ್ಷಕ್ಕೆ ನಾಲ್ಕೈದು ಲೀಟರ್ ಆಯಿಲ್ ಹಾಕಿದ್ದೀರಿ. ಹೈಡ್ರಾಲಿಕ್ ಆಯಿಲ್ ಎಂಜಿನ್ ಆಯಿಲ್‌ನ ಹಾಗೆ ಉರಿದು ಹೋಗುವುದಿಲ್ಲ. ಅಷ್ಟು ಆಯಿಲ್ ಎಲ್ಲಿಗೆ ಹೋಯಿತು? ಹೋಸ್‌ನಲ್ಲಿ ಸೋರಿಕೆ ಇದ್ದರೆ ನೀವೇ ನೋಡಿರುತ್ತೀರಿ. ನನ್ನ ಅನುಮಾನ ಎಡಗಡೆ ಟ್ರಾವೆಲ್ ಮೋಟಾರ್ ಮೇಲೆ. ಚೈನ್ ತೊಳೆದು ಸ್ಪ್ರಾಕೆಟ್ ಹಿಂಬದಿ ನೋಡಿ. ಎರಡೂ ಕಡೆ ಹೋಲಿಸಿ. ಎಡಗಡೆ ಮಾತ್ರ ಎಣ್ಣೆ ಬೆರೆತ ಮಣ್ಣು ಜಿಗುಟಾಗಿ ಮೆತ್ತಿಕೊಂಡಿದೆಯಾ? ಆಮೇಲೆ ಫೈನಲ್ ಡ್ರೈವ್, ಅಂದರೆ ಆ ಮೋಟಾರಿಗೆ ಸೇರಿದ ಗೇರ್‌ಬಾಕ್ಸ್, ಅದರ ಗೇರ್ ಆಯಿಲ್ ಲೆವೆಲ್ ಪ್ಲಗ್ ನಿಧಾನ ಸಡಿಲಿಸಿ. ಮುಖ ಪಕ್ಕಕ್ಕಿರಲಿ. ಒಳಗಿರಬೇಕಾದ್ದು ದಪ್ಪ ಗೇರ್ ಆಯಿಲ್. ಅದರ ಬದಲು ತೆಳ್ಳನೆ ಆಯಿಲ್ ಒತ್ತಡದಿಂದ ಚಿಮ್ಮಿದರೆ ಮೋಟಾರಿನ ಶಾಫ್ಟ್ ಸೀಲ್ ಹೋಗಿದೆ. ಹೈಡ್ರಾಲಿಕ್ ಆಯಿಲ್ ಗೇರ್‌ಬಾಕ್ಸ್ ತುಂಬಿ, ಅಲ್ಲಿಂದ ದೊಡ್ಡ ಸೀಲ್ ದಾಟಿ ಹೊರಗೆ ಬರುತ್ತಿದೆ. ಹಾಗಿದ್ದರೆ ಮಷಿನ್ ಓಡಿಸುವುದು ನಿಲ್ಲಿಸಿ, ಗೇರ್‌ಗಳೂ ಹಾಳಾಗುತ್ತವೆ.

ಪ್ಲಗ್‌ನಲ್ಲಿ ಏನೂ ಕಾಣದಿದ್ದರೆ ಸುಲಭದಿಂದ ಶುರು ಮಾಡಿ. ಎರಡೂ ಚೈನ್ ಒಂದೇ ಬಿಗಿ ಇದೆಯಾ? ಎಡಗಡೆ ಗ್ರೀಸ್ ಜಾಸ್ತಿ ಹೊಡೆದು ಬಿಗಿಯಾಗಿದ್ದರೂ, ರೋಲರ್ ಸಂದಿಗೆ ಚಿರೇಕಲ್ಲಿನ ಚೂರು ಸಿಕ್ಕಿದ್ದರೂ ಎಡಕ್ಕೇ ಎಳೆಯುತ್ತದೆ. ಆಮೇಲೆ ಸ್ಪೀಡ್ ಬಟನ್. ಆಮೆಯ ಚಿತ್ರದಲ್ಲಿ ನೇರ ಹೋಗಿ, ಮೊಲದ ಚಿತ್ರದಲ್ಲಿ ಮಾತ್ರ ಎಳೆದರೆ ಎಡ ಮೋಟಾರ್ ಹೈ ಸ್ಪೀಡಿಗೆ ಬದಲಾಗುತ್ತಿಲ್ಲ ಅಷ್ಟೇ, ಅದು ಸಣ್ಣ ರಿಪೇರಿ. ಎರಡರಲ್ಲೂ ಎಳೆದರೆ ಬೂಮ್ ಒತ್ತಿ ಒಂದು ಕಡೆಯ ಚೈನ್ ನೆಲದಿಂದ ಎತ್ತಿ, ಸ್ಪ್ರಾಕೆಟ್‌ಗೆ ಸೀಮೆಸುಣ್ಣದ ಗುರುತು ಹಾಕಿ. ಹತ್ತು ಸುತ್ತಿಗೆ ಎಷ್ಟು ಸೆಕೆಂಡ್? ಎರಡೂ ಕಡೆ, ತಣ್ಣಗೆ ಮತ್ತು ಬಿಸಿ ಎರಡೂ ಸಲ ನೋಡಿ. ಎತ್ತಿದ ಚೈನ್ ಹತ್ತಿರ ಯಾರೂ ಬರಬಾರದು.

ಎಡಗಡೆ ನಿಧಾನ ಅಂತ ಖಾತ್ರಿಯಾದ ಮೇಲೆ ಮತ್ತೆ ಅದೇ ಜಾಗ ಬದಲಿಸುವ ಪರೀಕ್ಷೆ. ಮೇಲ್ಭಾಗ ತಿರುಗಿದರೂ ಆಯಿಲನ್ನು ಕೆಳಗೆ ದಾಟಿಸುವ ಸೆಂಟರ್ ಜಾಯಿಂಟ್‌ನಿಂದ ಒಂದೊಂದು ಮೋಟಾರ್‌ಗೂ ಹೋಗುವ ಎರಡೆರಡು ದೊಡ್ಡ ಹೋಸ್‌ಗಳನ್ನು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ. ಆಗ ಎಡ ಲಿವರ್ ಬಲ ಚೈನ್ ಓಡಿಸುತ್ತದೆ. ಈಗಲೂ ಎಡ ಚೈನೇ ನಿಧಾನ ಅಂದರೆ ಮೋಟಾರ್. ನಿಧಾನ ಬಲ ಚೈನಿಗೆ ಹೋಯಿತು ಅಂದರೆ ಮೋಟಾರ್ ಚೆನ್ನಾಗಿದೆ, ಸೆಂಟರ್ ಜಾಯಿಂಟ್ ಸೀಲ್ ಅಥವಾ ಅದರ ಮೇಲಿನದ್ದು. ಸೆಂಟರ್ ಜಾಯಿಂಟ್ ಒಳಗೆ ಸೀಲ್ ಹೋದರೆ ಒಂದು ದಾರಿಯ ಆಯಿಲ್ ಇನ್ನೊಂದಕ್ಕೆ ಸೇರುತ್ತದೆ. ಮಷಿನ್ ಓಡಿಸುವಾಗ ಬ್ಲೇಡ್ ತಾನೇ ಅಲುಗಾಡಿದರೆ ಅದೇ ಗುರುತು. ಸೀಲ್ ಕಿಟ್ ಹಾಕಿದರೆ ಮುಗಿಯಿತು. ಹೋಸ್ ಬದಲಿಸುವಾಗ ಮೋಟಾರಿನ ಸಣ್ಣ ಡ್ರೈನ್ ಪೈಪ್ ಮಾತ್ರ ಯಾವ ಕಾರಣಕ್ಕೂ ಪ್ಲಗ್ ಮಾಡಿ ಓಡಿಸಬೇಡಿ. ಒಳಗಿನ ಸೋರಿಕೆಗೆ ಅದೊಂದೇ ದಾರಿ, ಕಟ್ಟಿದರೆ ಶಾಫ್ಟ್ ಸೀಲ್ ಹಾರಿಹೋಗುತ್ತದೆ.

ಕೊನೆಗೆ ಬೂಮ್. ಬೂಮ್ ಇಳಿದರೆ ಸಿಲಿಂಡರ್ ಸೀಲ್ ಹೋಗಿದೆ ಅಂತ ಎಲ್ಲರೂ ಹೇಳುತ್ತಾರೆ, ಅದು ಅರ್ಧ ಮಾತ್ರ ಸತ್ಯ. ಬೂಮಿನ ಭಾರ ಕೂರುವುದು ಪಿಸ್ಟನ್ನಿನ ಕೆಳಗಿನ ಆಯಿಲ್ ಮೇಲೆ. ಸೀಲ್ ಹರಿದರೆ ಆ ಆಯಿಲ್ ಪಿಸ್ಟನ್ ದಾಟಿ ಮೇಲಿನ ಕೋಣೆಗೆ ಹೋಗುತ್ತದೆ. ಆದರೆ ಮೇಲಿನ ಕೋಣೆಯಲ್ಲಿ ರಾಡ್ ಜಾಗ ಹಿಡಿದಿರುತ್ತದೆ. ಕೆಳಗಿನಿಂದ ಬಂದ ಆಯಿಲ್‌ಗೆಲ್ಲಾ ಅಲ್ಲಿ ಜಾಗ ಸಾಲದು. ಉಳಿದ ಆಯಿಲ್ ಕಂಟ್ರೋಲ್ ವಾಲ್ವ್ ದಾಟಿ ಹೊರಗೆ ಹೋಗದಿದ್ದರೆ ಬೂಮ್ ಇಳಿಯಲಾರದು. ಅಂದರೆ ಬೂಮ್ ಪೂರ್ತಿ ಕೆಳಗೆ ಬರುತ್ತಿದ್ದರೆ ವಾಲ್ವ್‌ನಲ್ಲೂ ದಾರಿ ಇದ್ದೇ ಇದೆ. ವಾಲ್ವ್ ಒಳಗೆ ಜಾರಿ ದಾರಿ ತೆರೆಯುವ ಸ್ಪೂಲ್ ಅನ್ನುವ ಸರಳಿಗೆ ಸೀಲ್ ಇರುವುದಿಲ್ಲ, ಕಬ್ಬಿಣದೊಳಗೆ ಕಬ್ಬಿಣ ಜಾರುತ್ತದೆ. ಹಾಗಾಗಿ ಹೊಸ ಮಷಿನ್ ಕೂಡ ಸ್ವಲ್ಪ ಇಳಿಯುತ್ತದೆ. ಬಿಸಿ ಆಯಿಲ್ ತಣ್ಣಗಾಗುವಾಗ ಪ್ರತಿ 10 ಡಿಗ್ರಿಗೆ ಶೇ. 0.7ರಷ್ಟು ಕುಗ್ಗುತ್ತದೆ, ಅದರಿಂದಲೂ ಕೆಲವು ಮಿಲಿಮೀಟರ್ ಇಳಿಯುತ್ತದೆ. ಆದರೆ ನಿಮ್ಮದು ಒಂದು ಊಟದ ಹೊತ್ತಿಗೆ ನೆಲ ಮುಟ್ಟುತ್ತದೆ ಅಂದರೆ ಜಾಸ್ತಿಯೇ ಆಯಿತು. ರಾಡಿಗೆ ಗುರುತು ಹಾಕಿ 10 ನಿಮಿಷಕ್ಕೆ ಎಷ್ಟು ಮಿಲಿಮೀಟರ್ ಒಳಗೆ ಹೋಗುತ್ತದೆ ಅಳೆದು, ಪುಸ್ತಕದ ಲೆಕ್ಕಕ್ಕೆ ಹೋಲಿಸಿ.

ಕಂಟ್ರೋಲ್ ವಾಲ್ವಿನ ಬೂಮ್ ಸೆಕ್ಷನ್‌ನಲ್ಲಿ ಅದಕ್ಕೆ ಮಾತ್ರ ಸೇರಿದ ಸಣ್ಣ ಪೋರ್ಟ್ ರಿಲೀಫ್ ಇದ್ದು, ಆರ್ಮ್‌ನಲ್ಲೂ ಅದೇ ನಂಬರಿನದು ಇದ್ದರೆ ಮೊದಲು ಅವೆರಡನ್ನು ಅದಲು ಬದಲು ಮಾಡಿ. ಬೂಮ್ ನಿಂತು ಆರ್ಮ್ ಇಳಿಯಲು ಶುರುವಾದರೆ ಸಿಕ್ಕಿಬಿತ್ತು. ಆಗಲಿಲ್ಲವಾದರೆ ಸೀಲ್ ಪರೀಕ್ಷೆ. ಸಿಲಿಂಡರಿನ ರಾಡ್ ಕಡೆಯ ಹೋಸ್ ಬಿಚ್ಚಿ, ಹೋಸಿಗೆ ಉಕ್ಕಿನ ಪ್ಲಗ್ ಹಾಕಿ, ಸಿಲಿಂಡರಿನ ಬಾಯಿಂದ ಪೈಪ್ ಒಂದನ್ನು ಡಬ್ಬಕ್ಕೆ ಬಿಡುತ್ತಾರೆ. ಐಡಲ್‌ನಲ್ಲಿ ಬೂಮ್ ಪೂರ್ತಿ ಎತ್ತಿ ಲಿವರ್ ಹಿಡಿದರೆ, ಪಿಸ್ಟನ್ ತುದಿ ಮುಟ್ಟಿದ ಮೇಲೂ ಆಯಿಲ್ ಹರಿಯುತ್ತಲೇ ಇದ್ದರೆ ಸೀಲ್ ಹೋಗಿದೆ. ಹರಿಯುವುದು ನಿಂತರೆ ಸೀಲ್ ಚೆನ್ನಾಗಿದೆ. ಇದನ್ನು ಮಾತ್ರ ನೀವೇ ತೋಟದಲ್ಲಿ ಮಾಡಬೇಡಿ. ಬೂಮಿಗೆ ಗಟ್ಟಿ ಆಸರೆ ಕೊಡಬಲ್ಲ, ಅನುಭವ ಇರುವ ಶೆಡ್ಡಿನಲ್ಲಿ ಮಾಡಿಸಿ.

ದೂರದಿಂದಲೇ ಊಹಿಸು ಅಂದರೆ ನನ್ನ ಊಹೆ ಹೀಗಿದೆ. ಕಟ್ಟಿದ ಕೂಲರ್ ಮತ್ತು ಕೆಟ್ಟ ಆಯಿಲ್‌ನಿಂದ ಬಿಸಿ. ಎಡ ಟ್ರಾವೆಲ್ ಮೋಟಾರಿನಲ್ಲಿ ಸೋರಿಕೆ. ಬೂಮಿನ ಇಳಿತ ಬೇರೆಯದೇ ಹಳೇ ತೊಂದರೆ. ಪಂಪ್ ಇನ್ನೂ ಕೆಲಸ ಮಾಡುವ ಸ್ಥಿತಿಯಲ್ಲಿರುವ ಸಾಧ್ಯತೆಯೇ ಜಾಸ್ತಿ. ಆದರೂ ಸಕ್ಷನ್ ಚೆನ್ನಾಗಿದ್ದು, ಆಯಿಲ್ ಹೊಸದಿದ್ದು, ರಿಲೀಫ್ ಅದಲು ಬದಲು ಮಾಡಿದರೂ ಬಿಸಿಯಲ್ಲಿ ಪಿ1, ಪಿ2 ಎರಡೂ ಬೀಳುತ್ತಿದ್ದು, ಫಿಲ್ಟರ್‌ನಲ್ಲಿ ಹಳದಿ ಚೂರು ಸಿಕ್ಕಿದರೆ ಆಗ ನಾನೂ ಪಂಪ್ ಅನ್ನುತ್ತೇನೆ. ಆಗಲೂ ನೇರ ಹೊಸದಕ್ಕೆ ಹೋಗಬೇಡಿ. ಟೆಸ್ಟ್ ಬೆಂಚ್ ಇರುವ ಕಡೆ ಫ್ಲೋ ಅಳೆಸಿ. ವಾಲ್ವ್ ಪ್ಲೇಟ್ ಉಜ್ಜಿ, ಬ್ಯಾರಲ್ ಸರಿ ಮಾಡಿ ಕೊಡುವವರಿದ್ದಾರೆ.

ಪಂಪ್ ಮತ್ತೆ ಕೂರಿಸುವ ದಿನ ನೀವು ಪಕ್ಕದಲ್ಲೇ ಇರಿ. ಟ್ಯಾಂಕ್, ಕೂಲರ್, ಲೈನ್‌ಗಳನ್ನು ತೊಳೆಯದೆ ಪಂಪ್ ಹಾಕಲು ಬಿಡಬೇಡಿ, ಹಳೇ ಚೂರುಗಳು ಮೊದಲ ದಿನವೇ ಒಳಗೆ ಹೋಗುತ್ತವೆ. ಪಂಪಿನ ಹೊಟ್ಟೆಗೆ ಕೈಯಿಂದಲೇ ಆಯಿಲ್ ತುಂಬಿಸಬೇಕು. ಗಾಳಿ ಬಿಡುವ ಪ್ಲಗ್ ಸಡಿಲಿಸಿ, ಗುಳ್ಳೆ ನಿಂತು ಬರೀ ಆಯಿಲ್ ಬರುವವರೆಗೆ ಕಾಯಬೇಕು. ಆಮೇಲೆ ಸ್ಟಾರ್ಟ್ ಮಾಡಿ ಐದಾರು ನಿಮಿಷ ಐಡಲ್‌ನಲ್ಲೇ ಬಿಡಿ. ಒಂದೊಂದೇ ಸಿಲಿಂಡರನ್ನು, ತುದಿ ಮುಟ್ಟಿಸದೆ, ನಾಲ್ಕೈದು ಸಲ ನಿಧಾನ ಆಡಿಸಿ. ಎಂಜಿನ್ ಆಫ್ ಮಾಡಿ ಲೆವೆಲ್ ನೋಡಿದರೆ ಒಂದೆರಡು ಲೀಟರ್ ಇಳಿದಿರುತ್ತದೆ. ಅದೇ ಗ್ರೇಡಿನ ಆಯಿಲ್ ತುಂಬಿಸಿ, ಬಾಕಿ ಉಳಿದ ಡಬ್ಬವನ್ನು ಗಾಡಿಯಲ್ಲೇ ಇಟ್ಟುಕೊಳ್ಳಿ. ಇನ್ನೊಮ್ಮೆ ಲೆವೆಲ್ ಕಡಿಮೆಯಾದಾಗ ಟ್ರ್ಯಾಕ್ಟರ್ ಆಯಿಲ್ ಹುಡುಕಬೇಕಾಗುವುದಿಲ್ಲ.